ಎಲೆ ಅಡಿಕೆ ಇಟ್ಟು ಹಾಡಿಗೆ ಕರೆದದ್ದು

ನಾನು ಬಿ.ಎ. ಮುಗಿಸಿ ಸಾಂಗಲಿಯಿಂದ ಜತ್ತಕ್ಕೆ ಮರಳಿದಾಗ ನಮ್ಮ ಮನೆತನದಲ್ಲಿ ಸಹಿ ಮಾಡಲು ಬರುತ್ತಿದ್ದವನು ನಾನೊಬ್ಬನೇ. ಅಪ್ಪ ಅಡತಿ ಅಂಗಡಿಗಳಲ್ಲಿ ಚೀಲ ಹೊರುತ್ತಿದ್ದ. ನಾನು ಬೋರ್ಡಿಂಗಿನಲ್ಲಿ ನೀರು ಸೇದಿ, ಪಾತ್ರೆ ತಿಕ್ಕಿ, ಸಂಗಡಿಗರು ಊಟಕ್ಕೆ ಎದ್ದಾಗ ಅವರ ಪುಸ್ತಕ ಓದಿ ಪಾಸಾದವನು. ಇದನ್ನು ಬಡಾಯಿಗೆ ಹೇಳುತ್ತಿಲ್ಲ ಎಂದರೆ ಸುಳ್ಳಾಗುತ್ತದೆ. ಬಡಾಯಿಯೇ. ಬೇರೆ ಯಾವ ಆಸ್ತಿಯೂ ನನಗೆ ಇರಲಿಲ್ಲ.

ಸಂಸ್ಥಾನ ವಿಲೀನವಾಗಿ ಆಗಿನ್ನೂ ಬಹಳ ದಿನವಾಗಿರಲಿಲ್ಲ. ಕಚೇರಿಯಲ್ಲಿ ಹಳೆಯ ಕಾರಕೂನರಿಗೇ ಕುರ್ಚಿ ಸಾಲುತ್ತಿರಲಿಲ್ಲ. ಕೆಲವರು ಕಿಟಕಿಯ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದರು. ನನ್ನ ಅರ್ಜಿಗೆ ಮರಾಠಿಯಲ್ಲಿ ಎರಡು ಸಾಲಿನ ಉತ್ತರ ಬಂತು, ಜಾಗ ಖಾಲಿ ಇಲ್ಲವೆಂದು. ಶಾಲೆಯವರು ಮುಂದಿನ ವರ್ಷ ನೋಡೋಣ ಎಂದರು. ಕಡೆಗೆ ಕರೆದವರು ಪೇಟೆಯ ಸಾವಕಾರರು. ಅವರದು ಹೊಲಿಗೆ ಯಂತ್ರದ ಸೂಜಿ, ಸೈಕಲ್ಲಿನ ಟೈರು, ಗ್ಯಾಸಬತ್ತಿ ಮಾರುವ ಅಂಗಡಿ. ಒಂದು ಮೂಲೆಯಲ್ಲಿ ಗ್ರಾಮೊಫೋನು. ಮುಂಬಯಿಯ ಒಂದು ಕಂಪನಿಯ ಹಾಡಿನ ಪ್ಲೇಟುಗಳನ್ನು ನಮ್ಮ ತಾಲೂಕಿನಲ್ಲಿ ಮಾರುವ ಏಜನ್ಸಿಯೂ ಅವರಿಗಿತ್ತು.

"ಬಿ.ಎ. ಸಾಹೇಬ್ರ, ನಿಮಗ ಬರಿಯಾಕ ಬರತೈತಿ, ಮಾತಾಡಾಕ ಬರತೈತಿ," ಎಂದರು ಸಾವಕಾರರು. "ಇನ್ನ ಮ್ಯಾಲಿಂದ ನಮ್ಮ ಪ್ಲೇಟಿಂದು ಜಾಹಿರಾತ ಎಲ್ಲಾ ನಿಮ್ಮ ಕಡಿ."

ಅವ್ವನಿಗೆ ಇದನ್ನು ಹೇಗೆ ತಿಳಿಸಬೇಕೆಂದು ಗೊತ್ತಾಗಲಿಲ್ಲ. ಪ್ರಚಾರದ ಕೆಲಸ ಎಂದೆ.

"ಹಂಗಂದ್ರೇನೋ?"

"ಹಾಡವ್ರ ಹೆಸರು ನಾಕ ಮಂದಿಗೆ ತಿಳಿಯೂ ಹಂಗ ಮಾಡೂದು."

"ಹಾಡಿದರ ಕೇಳಿಸತೈತಲ್ಲೋ ತಮ್ಮಾ," ಎಂದಳು ಅವ್ವ. "ಅದಕ್ಕ ಮತ್ತ ಬ್ಯಾರೆ ಮನಷ್ಯಾ ಯಾಕ ಬೇಕ?"

ನಾನು ಅಂಗಿ ತೊಟ್ಟು ಅಂಗಡಿಗೆ ಹೊರಟೆ.

ಬಿಳೂರಿನಲ್ಲಿ ಒಬ್ಬ ಪಿಂಜಾರ ಇದ್ದ. ವಯಸ್ಸು ಐವತ್ತರ ಮೇಲೆ. ಮನೆ ಮನೆಗೆ ಹೋಗಿ ಹತ್ತಿ ಹಿಂಜಿ ಗಾದಿ ತುಂಬಿಕೊಡುವುದು ಅವನ ಕಸುಬು. ಮೊಹರಮ್ಮಿನಲ್ಲಿ ರಿವಾಯತ ಹಾಡುತ್ತಿದ್ದ. ಉಳಿದ ದಿನಗಳಲ್ಲಿ ಏಕತಾರಿ ಹಿಡಿದು ತತ್ವಪದ. ಎಲ್ಲರೂ ಅವನನ್ನು ಚಾಚಾ ಎನ್ನುತ್ತಿದ್ದರು. ಮೊದಲ ಸಲ ನಾನು ಅವನನ್ನು ಕೇಳಿದ್ದು ಸಾವಕಾರರ ಮನೆಯಲ್ಲಿ, ಹತ್ತಿಯ ಧೂಳಿನ ನಡುವೆಯೇ. ಹತ್ತಿ ಹಿಂಜುವ ಬಿಲ್ಲಿನ ತಂತಿಗೆ ಮರದ ಕೊಡತಿಯಿಂದ ಹೊಡೆಯುತ್ತಾ, ಆ ಝೇಂಕಾರವನ್ನೇ ಶ್ರುತಿ ಮಾಡಿಕೊಂಡು, ದೇಹವನ್ನು ಅರಳೆಗೆ ಹೋಲಿಸಿದ ಒಂದು ಪದ ಹಾಡುತ್ತಿದ್ದ. ಮೇಲಿನ ಸ್ವರಕ್ಕೆ ಹೋದಾಗ ದನಿ ಸಣ್ಣಗಾಗುತ್ತಿರಲಿಲ್ಲ, ಅಗಲವಾಗುತ್ತಿತ್ತು. ನಾನು ಸಂಗೀತ ಕಲಿತವನಲ್ಲ. ಆದರೂ ಕೈಯಲ್ಲಿದ್ದ ಬಟ್ಟಲಿನ ಚಹ ಆರಿಹೋಗುವವರೆಗೆ ಬಾಗಿಲಲ್ಲೇ ನಿಂತಿದ್ದೆ.

ಸಾವಕಾರರು ಅವನ ವಿಷಯ ಕಂಪನಿಗೆ ಬರೆಸಿದರು. ಬರೆದವನು ನಾನೇ, ಇಂಗ್ಲಿಷಿನಲ್ಲಿ. ಉತ್ತರ ಬಂತು: ಕಂಪನಿಯ ಮನುಷ್ಯ ಬೇಸಿಗೆಯಲ್ಲಿ ಈ ಕಡೆ ಬರುತ್ತಾನೆ, ಸಂತೆಯ ದಿನ ಜತ್ತದಲ್ಲಿ ಹಾಡು ಕೇಳುತ್ತಾನೆ. ದನಿ ಒಪ್ಪಿಗೆಯಾಗಬೇಕು, ಜೊತೆಗೆ ಈ ಹಾಡುಗಾರನ ಪ್ಲೇಟು ಕೊಳ್ಳುವ ಜನ ಇದ್ದಾರೆಂಬುದೂ ಕಣ್ಣಿಗೆ ಕಾಣಬೇಕು. ಎರಡೂ ಸರಿ ಹೋದರೆ ಅವನನ್ನು ಮುಂಬಯಿಗೆ ಕರೆಸಿ ಹಾಡಿಸುತ್ತಾರೆ.

ಚಾಚಾನಿಗೆ ಪತ್ರ ಓದಿ ಹೇಳಿದೆ. ಅವನು ಬಿಲ್ಲನ್ನು ಗೋಡೆಗೆ ಆನಿಸಿಟ್ಟು, ಮೀಸೆಗೆ ಅಂಟಿದ್ದ ಅರಳೆ ತೆಗೆದುಕೊಳ್ಳುತ್ತಾ ಹೇಳಿದ:

"ತಮ್ಮಾ, ಹತ್ತಿ ಹಿಂಜಿದರ ಸಂಜಿಮುಂದ ಒಂದ ಗಾದಿ ಆಗತೈತಿ. ಕೈಲೆ ಮುಟ್ಟಿ ನೋಡಬಹುದು. ನಲವತ್ತ ವರ್ಷ ಹಾಡೇನಿ, ಮುಟ್ಟಿ ನೋಡಾಕ ಏನೂ ಇಲ್ಲ. ಒಂದ ಪ್ಲೇಟ ಆದರ ಸಾಕ. ಒಂದ. ಆ ಮ್ಯಾಲೆ ನಾ ಏನೂ ಕೇಳೂದಿಲ್ಲ."

ಆ ಒಂದು ಪ್ಲೇಟು ನನ್ನ ಕೈಯಲ್ಲಿದೆ ಎಂದು ನಾನು ತಿಳಿದೆ. ಕಲಿತವನಲ್ಲವೇ.

ಮೊದಲು ಜನಕ್ಕೆ ಹಂಚುವ ಕೈಕಾಗದ ಅಚ್ಚು ಹಾಕಿಸಿದೆ. ಜತ್ತದ ಛಾಪಖಾನೆಯಲ್ಲಿ ಕನ್ನಡದ ಅಚ್ಚಿನ ಮೊಳೆಗಳಿರಲಿಲ್ಲ, ಎಲ್ಲ ಮರಾಠಿ. ಬಿಜಾಪುರಕ್ಕೆ ಹೋಗಿ, ಒಂದು ದಿನ ಕಾದು, ಗುಲಾಬಿ ಬಣ್ಣದ ಕಾಗದದಲ್ಲಿ ಮುದ್ರಿಸಿಕೊಂಡು ಬಂದೆ. ಕಾಲೇಜಿನಲ್ಲಿ ಕಲಿತ ಕನ್ನಡವನ್ನೆಲ್ಲ ಅದರಲ್ಲಿ ಸುರಿದಿದ್ದೆ. ನಾದಸಾಗರ, ಅನುಭಾವಗಾಯಕ, ರಸಿಕಜನಮನೋಲ್ಲಾಸಕ. ಚಾಚಾನ ಎದುರು ನಿಂತು ಓದಿದೆ. ಅವನು ತಲೆ ಬಾಗಿಸಿ ಪೂರ್ತಿ ಕೇಳಿದ.

"ಭಾಳ ಚಲೋ ಐತಿ. ಯಾವೂರಾವ ಇಂವಾ?"

ಅವನ ಹೆಂಡತಿ ಒಳಗಿನಿಂದ ನಕ್ಕದ್ದು ಕೇಳಿಸಿತು.

ಕಾಗದದ ಕಟ್ಟು ಸೈಕಲ್ಲಿಗೆ ಕಟ್ಟಿಕೊಂಡು ಮೊದಲು ದರಿಬಡಚಿಗೆ ಹೋದೆ. ಬಿಸಿಲಿಗೆ ದಾರಿಯ ಮಣ್ಣು ಹಿಟ್ಟಾಗಿತ್ತು. ಅರ್ಧ ದಾರಿ ಸೈಕಲ್ಲು ನನ್ನನ್ನು ಹೊತ್ತರೆ ಅರ್ಧ ದಾರಿ ನಾನು ಅದನ್ನು ನೂಕಿದೆ. ಊರಲ್ಲಿ ಓದು ಬಲ್ಲವರು ಕಡಿಮೆ ಎಂದು ಗೊತ್ತಿತ್ತು. ಅದಕ್ಕೆ ಹಲಗಿ ಬಾರಿಸುವವನನ್ನು ಹುಡುಕಿ, ಡಂಗುರ ಸಾರಲು ಹೇಳಿದೆ. ಸಂತೆಯ ದಿನ ಜತ್ತದಲ್ಲಿ ಚಾಚಾನ ಹಾಡು ಇದೆ, ಎಲ್ಲರೂ ಬರಬೇಕು ಎಂದು ಹೇಳಿಕೊಟ್ಟೆ. ಅವನು ಎರಡು ಸಲ ತಲೆಯಾಡಿಸಿದ.

ಆದರೆ ಆ ಮನುಷ್ಯ ಜೀವನವಿಡೀ ಸಾರಿದ್ದು ಸರಕಾರದ ಮಾತನ್ನು. ಹಲಗಿ ಕೈಗೆ ಬಂದ ಕೂಡಲೇ ಅವನ ಬಾಯಿಂದ ಹಳೆಯ ಸಾಲುಗಳೇ ಬಂದವು:

"ಕೇಳ್ರೆಪ್ಪೋ ಕೇಳ್ರಿ! ಸಂತಿ ದಿನಾ ಜತ್ತಕ್ಕ ಮನಿಗೊಬ್ರು ಹಾಜರ ಆಗಬೇಕ್ರೆಪ್ಪೋ! ತಪ್ಪಿದವ್ರು ತಾವ ಜವಾಬ್ದಾರ್ರೆಪ್ಪೋ!"

ಹಾಡಿನ ಮಾತೇ ಇಲ್ಲ. ನಾನು ಅವನ ಹಿಂದೆ ಓಡಿ "ಹಾಡು ಅನ್ನೋ, ಹಾಡು ಅನ್ನೋ" ಎಂದು ಹೇಳುವಷ್ಟರಲ್ಲಿ ಓಣಿಯ ಬಾಗಿಲುಗಳು ಮುಚ್ಚತೊಡಗಿದ್ದವು. ಆಗ ಲೇವಿಯ ಕಾಲ. ಸರಕಾರ ಮನೆ ಮನೆಯ ಜೋಳ ಅಳೆದು ಒಯ್ಯುತ್ತಿತ್ತು. ಪ್ಯಾಂಟು ತೊಟ್ಟ ಒಬ್ಬ ಹುಡುಗ, ಸೈಕಲ್ಲು, ಬಣ್ಣದ ಕಾಗದದ ಕಟ್ಟು, ಮೇಲೆ ಹಲಗಿ. ಜನ ಇನ್ನೇನು ತಿಳಿಯಬೇಕು? ಗಂಡಸರು ಹಿತ್ತಿಲ ಬಾಗಿಲಿನಿಂದ ಹೊಲಕ್ಕೆ ಹೋದರು. ಒಂದು ಮನೆಯ ಬಣವೆಯ ಕೆಳಗೆ ಇಬ್ಬರು ಚೀಲ ತುರುಕುತ್ತಿದ್ದುದನ್ನು ನಾನೇ ಕಣ್ಣಾರೆ ನೋಡಿದೆ. ಅವರು ನನ್ನನ್ನು ನೋಡಿದರು. ನಾನು ಸೈಕಲ್ಲನ್ನು ಗುಡಿಯ ಕಡೆ ತಿರುಗಿಸಿದೆ.

ಗುಡಿಯ ಕಟ್ಟೆಯ ಮೇಲೆ ಒಬ್ಬ ಮುದುಕಿ ಮಾತ್ರ ಕುಳಿತಿದ್ದಳು.

"ಏಳಾಕ ಬರೂದಿಲ್ಲಂತ ಕುಂತೇನಿ, ಅಂಜಿಕಿ ಇಲ್ಲಂತ ಅಲ್ಲ," ಎಂದಳು. "ನಮ್ಮ ಮನ್ಯಾಗ ಜ್ವಾಳಾ ಇಲ್ಲ. ಹೋಗಿ ನೋಡ್ಕೋರಿ."

"ಆಯಿ, ನಾ ಲೇವಿಯವನಲ್ಲ. ಬಿಳೂರ ಚಾಚಾನ ಹಾಡಿಗೆ ಕರಿಯಾಕ ಬಂದೇನಿ."

ಅವಳು ನನ್ನ ಪ್ಯಾಂಟನ್ನು, ಕಾಗದದ ಕಟ್ಟನ್ನು ನೋಡಿದಳು.

"ಹಾಡಿಗೆ ಹಲಗಿ ಬಾರಿಸಿ ಕರೀತಾರೇನೋ ಹುಚಪ್ಯಾಲಿ? ಎಷ್ಟ ಸಾಲಿ ಕಲ್ತಿ?"

"ಬಿ.ಎ."

"ಇನ್ನೊಂದೀಟ ಕಲೀಬೇಕಿತ್ತ."

ಮುಂದಿನದನ್ನು ಅವಳೇ ಹೇಳಿದಳು. ಪ್ರತಿ ಊರಲ್ಲೂ ಒಂದು ಭಜನಿ ಮೇಳ ಇರುತ್ತದೆ. ಆ ಮೇಳದ ಹಿರಿಯನ ಮುಂದೆ ಎಲೆ ಅಡಿಕೆ ಇಟ್ಟು ಕರೆಯಬೇಕು. ಅವನು ಎಲೆ ಹಿಡಿದರೆ ಊರೇ ಬಂದಂತೆ. ಆದರೆ ಎಲೆ ಇಡಬೇಕಾದವನು ಹಾಡುವವನೇ. ಬೇರೆಯವರ ಕೈಯಲ್ಲಿ ಎಲೆ ಕಳಿಸಿದರೆ ಸೊಕ್ಕು ಎನ್ನುತ್ತಾರೆ. ಮತ್ತು ಎಲೆ ಇಟ್ಟವನು ಅಲ್ಲೇ ಕೂತು ಒಂದು ಪದ ಹಾಡಿಯೇ ಏಳಬೇಕು. ಬರಿಗೈಯಲ್ಲಿ ಕರೆದರೂ ನಡೆದೀತು, ಬರಿಬಾಯಿಯಲ್ಲಿ ಕರೆಯುವಂತಿಲ್ಲ.

ಬಿಳೂರಿಗೆ ಹೋಗಿ ಹೇಳಿದರೆ, ಚಾಚಾನಿಗೆ ಈ ಪದ್ಧತಿ ಗೊತ್ತೇ ಇತ್ತು. "ನೀ ಕಾಗದದ ಮನಷ್ಯಾ, ಕಾಗದದ ರೀತಿ ಬ್ಯಾರೆ ಇರತೈತಿ ಅಂದಕೊಂಡಿದ್ನೆಪಾ," ಎಂದ.

ಮರುದಿನದಿಂದ ಇಬ್ಬರೂ ಹೊರಟೆವು. ಅವನು ಸೈಕಲ್ಲಿನ ಹಿಂದಿನ ಕ್ಯಾರಿಯರ್ ಮೇಲೆ, ತೊಡೆಯ ಮೇಲೆ ಏಕತಾರಿ. ಒದ್ದೆ ಬಟ್ಟೆಯಲ್ಲಿ ಸುತ್ತಿದ ಎಲೆ ನನ್ನ ಹೆಗಲ ಚೀಲದಲ್ಲಿ. ದಿನಕ್ಕೊಂದು ಊರು. ಬಿಸಿಲಲ್ಲಿ ಹೊಲದ ಕೆಲಸ ಇರುತ್ತಿರಲಿಲ್ಲ. ಮಧ್ಯಾಹ್ನ ಬೇವಿನ ನೆರಳಿನಲ್ಲಿ ಜನ ಸಿಗುತ್ತಿದ್ದರು. ಎಲೆ ಇಡುವುದು, ಒಂದು ಪದ ಹಾಡುವುದು. ಒಂದು ಪದ ಎಂದರೆ ಎಂದೂ ಒಂದಾಗುತ್ತಿರಲಿಲ್ಲ. ಮೊದಲ ಪದಕ್ಕೆ ಜನ ಕೂಡುತ್ತಿದ್ದರು. ಕೂಡಿದ ಜನಕ್ಕಾಗಿ ಎರಡನೆಯದು. ಒಳಗಿನ ಹೆಂಗಸರು ಕೇಳಿ ಕಳಿಸಿದ್ದಕ್ಕೆ ಮೂರನೆಯದು. ಮೇಳದವರು ತಾವೂ ಒಂದು ಹಾಡಿ, ಅದಕ್ಕೆ ಉತ್ತರ ಕೊಡು ಎಂದು ಕೆಣಕಿದರೆ ಮತ್ತೊಂದು.

ನಾನು ದೂರ ಕೂತು ಮುಖಗಳನ್ನು ನೋಡುತ್ತಿದ್ದೆ. ಎಲೆ ಹಿಡಿಯುತ್ತಿದ್ದರು. "ಗಾಡಿ ಕಟಗೊಂಡ ಬರತೀವಿ ಚಾಚಾ" ಎನ್ನುತ್ತಿದ್ದರು. ನನಗೆ ಅಷ್ಟು ಸಾಕಾಗಿತ್ತು. ಸೈಕಲ್ಲು ತುಳಿದು ತೊಡೆ ಕಲ್ಲಾಗಿದ್ದರೂ ಮನಸ್ಸಿನಲ್ಲಿ ಒಂದು ಉಬ್ಬು. ಗುಲಾಬಿ ಕಾಗದ ಮಾಡಲಾಗದ್ದನ್ನು ಈ ಮಾರ್ಗ ಮಾಡುತ್ತಿದೆ, ಈ ಮಾರ್ಗವನ್ನು ಕಂಡುಕೊಂಡವನು ನಾನು ಎಂದು. ಮುದುಕಿಯನ್ನು ಆಗಲೇ ಮರೆತಿದ್ದೆ.

ಐದನೆಯ ಊರಿನ ಹೊತ್ತಿಗೆ ಚಾಚಾ ದಾರಿಯಲ್ಲಿ ಮಾತಾಡುವುದನ್ನು ಬಿಟ್ಟಿದ್ದ. ಬಾವಿ ಕಂಡಲ್ಲಿ ನಿಲ್ಲಿಸು ಎಂದು ಬೆನ್ನು ತಟ್ಟುತ್ತಿದ್ದ. ಹತ್ತಿ ಹಿಂಜುವವರ ಎದೆಯಲ್ಲಿ ಮೊದಲೇ ಅರಳೆಯ ಧೂಳು ಇರುತ್ತದೆ. ಅದಕ್ಕೆ ದಾರಿಯ ಧೂಳು ಸೇರಿತು. ಅವನ ಹೆಂಡತಿ ಜ್ಯೇಷ್ಠಮಧುವಿನ ತುಂಡೊಂದನ್ನು ನನ್ನ ಕೈಗಿಟ್ಟು, "ದಾರ್ಯಾಗ ಕೊಡ್ರಿ, ನನ್ನ ಮಾತ ಕೇಳೂದಿಲ್ಲ ಅವ್ರು. ಬಿ.ಎ. ಆದವ್ರ ಮಾತರ ಕೇಳ್ಯಾರು" ಎಂದಿದ್ದಳು. ನಾನು ಕೊಡುತ್ತಿದ್ದೆ. ಕೊಟ್ಟು ಮುಂದಿನ ಊರಿನ ಹೆಸರು ಹೇಳುತ್ತಿದ್ದೆ.

ಕಡೆಯ ಊರು ಕರಜಗಿ. ದೂರದ ಊರು, ದೊಡ್ಡ ಮೇಳ. ಸಂತೆಗೆ ಎರಡೇ ದಿನ ಉಳಿದಿತ್ತು. ಅಲ್ಲಿಗೆ ಹೊರಡುವ ಹಿಂದಿನ ಸಂಜೆ ಬಿಳೂರಿನಲ್ಲಿ ಅವನ ಮನೆಯ ಮುಂದೆ ಸೈಕಲ್ಲು ನಿಲ್ಲಿಸಿದಾಗ ಚಾಚಾ ಇಳಿಯದೆ ಹಾಗೆಯೇ ಸ್ವಲ್ಪ ಹೊತ್ತು ಕುಳಿತಿದ್ದ. ಬಳಿಕ ಹೇಳಿದ:

"ತಮ್ಮಾ, ಕರಜಗಿ ಬಿಡೂಣು. ಗಂಟಲಾಗ ಉಸುಕ ಬಿದ್ದಾಂಗ ಆಗೇತಿ."

"ಕರಜಗಿಯವ್ರು ಬಂದರ ಮೈದಾನ ತುಂಬತೈತಿ ಚಾಚಾ. ಅವ್ರಿಲ್ಲಂದ್ರ ಅರ್ಧಾ ಖಾಲಿ ಕಾಣತೈತಿ. ಮುಂಬಯಿಂದ ಬರಾವ ನೋಡೂದ ಮಂದೀನ."

"ಮಂದೀನ ನೋಡತಾನೋ, ನನ್ನ ಕೇಳತಾನೋ?"

"ಎರಡೂ. ಒಂದ ಪದಾ ಹಾಡಿ ಎದ್ದ ಬಿಡೂಣು. ನಾ ಎಬ್ಬಸತೀನಿ. ನಾ ಅದೀನಲ್ಲ."

ಅವನು ಇಳಿದು ಏಕತಾರಿ ಹಿಡಿದು ಒಳಗೆ ಹೋದ. ಬೇಡ ಎಂದು ಎರಡನೆಯ ಸಲ ಹೇಳುವ ಜಾತಿಯ ಮನುಷ್ಯನಲ್ಲ. ಅದು ನನಗೆ ಗೊತ್ತಿತ್ತು, ಗೊತ್ತಿದ್ದೇ ಒತ್ತಿದೆ.

ಕರಜಗಿಯಲ್ಲಿ ಆರು ಪದ ಹಾಡಿದ. ನಾನು ಎಬ್ಬಿಸಲಿಲ್ಲ. ಎರಡನೆಯದರ ಹೊತ್ತಿಗೆ ಏಳಬೇಕೆಂದು ಅರ್ಧ ಎದ್ದಿದ್ದೆ. ಆಗ ಮೇಳದ ಹಿರಿಯ ನನ್ನ ಕೈ ಹಿಡಿದು "ಕುಂದ್ರಿ ಮಾಸ್ತರ, ಹಿಂತಾ ದನಿ ನಮ್ಮೂರಿಗೆ ಯಾವಾಗ ಬರತೈತಿ" ಎಂದ. ಆ ಮರ್ಯಾದೆಯ ಮಾತಿಗೆ ಕುಳಿತುಬಿಟ್ಟೆ. ಆರನೆಯ ಪದದ ಮೇಲಿನ ಸ್ವರದಲ್ಲಿ ದನಿ ಒಂದು ಕ್ಷಣ ಹರಿದದ್ದು ಕೇಳಿಸಿತು. ಬೇರೆ ಯಾರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ. ಎಲ್ಲರೂ ತಲೆದೂಗುತ್ತಿದ್ದರು.

ಸಂತೆಯ ದಿನ ಮಧ್ಯಾಹ್ನ ಇಳಿಯುವ ಹೊತ್ತಿಗೆ ಮೈದಾನ ತುಂಬಿತು. ಅಂಥ ಜನವನ್ನು ನಾನು ಮತ್ತೆ ಯಾವ ಹಾಡಿಗೂ ಕೂಡಿಸಲಾಗಲಿಲ್ಲ. ಎಲೆ ಹಿಡಿದ ಪ್ರತಿ ಊರಿನವರೂ ಬಂದಿದ್ದರು. ಎತ್ತು ಬಿಚ್ಚಿದ ಗಾಡಿಗಳು ಸಾಲುಸಾಲಾಗಿ ನಿಂತಿದ್ದವು. ದರಿಬಡಚಿಯವರು ಕೂಡ ಬಂದಿದ್ದರು, ಅವರಲ್ಲೊಬ್ಬ ನನ್ನ ಹತ್ತಿರ ಬಂದು, "ಸಾಹೇಬ್ರ, ಇವತ್ತ ಅಳತಿ ಇಲ್ಲಲ್ರಿ?" ಎಂದು ಕೇಳಿ ನಕ್ಕ. ಸಾವಕಾರರು ಹೊಸ ರುಮಾಲು ಸುತ್ತಿಕೊಂಡು ಕಂಪನಿಯ ಮನುಷ್ಯನನ್ನು ಕುರ್ಚಿಗೆ ಕರೆತಂದರು. ಬಿಳಿ ಷರಟಿನ, ಬಸ್ಸಿನ ಧೂಳು ಹೊತ್ತ, ನನ್ನಷ್ಟೇ ದಣಿದ ಮನುಷ್ಯ. ಜನವನ್ನು ನೋಡಿ ಅವನ ಹುಬ್ಬು ಮೇಲೇರಿತು. ಸಾವಕಾರರು ನನ್ನ ಕಡೆ ನೋಡಿ ತಲೆದೂಗಿದರು. ನನ್ನ ಬದುಕಿನಲ್ಲಿ ಡಿಗ್ರಿಯ ಕಾಗದ ಕೈಗೆ ಬಂದ ಗಳಿಗೆಯನ್ನು ಬಿಟ್ಟರೆ ಅಷ್ಟು ಸುಖದ ಗಳಿಗೆ ಇನ್ನೊಂದಿಲ್ಲ. ಅದು ಏಕತಾರಿಯ ಶ್ರುತಿ ಕೂಡಿಸುವಷ್ಟು ಹೊತ್ತು ಬಾಳಿತು.

ಚಾಚಾ ಅರಳೆಯ ಪದವನ್ನೇ ಎತ್ತಿಕೊಂಡ. ಮೊದಲ ಸಾಲು ತಗ್ಗಿನಲ್ಲಿ ಹೇಗೋ ಬಂತು. ಎರಡನೆಯ ಸಾಲಿಗೆ ಮೇಲೆ ಹೋದ. ಬಾಯಿ ತೆರೆದಿತ್ತು, ಕುತ್ತಿಗೆಯ ನರ ಉಬ್ಬಿತ್ತು, ಬಂದದ್ದು ಗಾಳಿ ಮಾತ್ರ. ಕೆಮ್ಮಿದ. ನೀರು ಕುಡಿದ. ಮತ್ತೆ ಶುರು ಮಾಡಿದ. ಮತ್ತೆ ಅದೇ ಜಾಗದಲ್ಲಿ ದನಿ ನಿಂತುಹೋಯಿತು.

ಆಗ ಮುಂದಿನ ಸಾಲಿನಲ್ಲಿದ್ದ ಕರಜಗಿಯವರು ಆ ಸಾಲನ್ನು ಎತ್ತಿಕೊಂಡರು. ಹಿಂದಿನಿಂದ ಇನ್ನೊಂದು ಊರಿನವರು. ಎಲ್ಲ ಊರುಗಳಲ್ಲೂ ಅವನು ಅದನ್ನೇ ಮೊದಲು ಹಾಡಿದ್ದ. ಎಲ್ಲರಿಗೂ ಬಾಯಿಗೆ ಬಂದಿತ್ತು. ಇಡೀ ಮೈದಾನ ಹಾಡಿತು. ಚಾಚಾ ನಡುವೆ ಏಕತಾರಿ ಮೀಟುತ್ತಾ, ತುಟಿ ಆಡಿಸುತ್ತಾ ಕುಳಿತಿದ್ದ. ಆ ಹಾಡು ಚೆನ್ನಾಗಿತ್ತೆಂದು ಇಂದಿಗೂ ಹೇಳುವವರಿದ್ದಾರೆ. ಇದ್ದೀತು. ನನಗೆ ಕೇಳಲಾಗಲಿಲ್ಲ. ಗಾಡಿಗಳ ಹಿಂದೆ ಹೋಗಿ ನಿಂತೆ.

ಕಂಪನಿಯ ಮನುಷ್ಯ ಪದ ಮುಗಿಯುವವರೆಗೆ ಕುಳಿತ. ಅಷ್ಟು ಸಭ್ಯತೆ ಅವನಿಗಿತ್ತು. ಎದ್ದು ಬಂದು ನನಗೆ ಮರಾಠಿಯಲ್ಲಿ ಹೇಳಿದ: ಜನ ಇದ್ದಾರೆ, ಇಷ್ಟು ಜನವನ್ನು ನಾನು ಪೇಟೆಯ ಊರುಗಳಲ್ಲೂ ನೋಡಿಲ್ಲ. ಆದರೆ ಪ್ಲೇಟಿನಲ್ಲಿ ಯಾರ ದನಿ ಹಾಕಲಿ?

ಗಂಟಲು ವಾಸಿಯಾಗುತ್ತದೆ, ಒಂದು ತಿಂಗಳು ಬಿಟ್ಟು ಬನ್ನಿ ಎಂದೆ. ನಾನು ಕೇಳಿದ್ದೇನೆ, ನನ್ನ ಮಾತನ್ನು ನಂಬಿ ಎಂದೆ. ಅವನು ನಕ್ಕ, ಕೆಟ್ಟ ನಗುವಲ್ಲ. "ನೀವು ಪ್ರಚಾರದವರು," ಎಂದ. "ನಿಮ್ಮ ಮಾತನ್ನು ನಂಬುವ ಹಾಗಿದ್ದರೆ ನಾನು ಇಷ್ಟು ದೂರ ಬರಬೇಕಾಗಿರಲಿಲ್ಲ."

ಸಂಜೆಯ ಬಸ್ಸಿಗೆ ಹೊರಟುಹೋದ. ಬೇಸಿಗೆ ಕಳೆದು ಗಂಟಲು ತೆರೆದ ಮೇಲೆ ಕಂಪನಿಗೆ ಎರಡು ಪತ್ರ ಬರೆದೆ, ಮೂರನೆಯದೂ ಬರೆದೆ. ಈ ವರ್ಷದ ಹಾಡುಗಾರರ ಪಟ್ಟಿ ಮುಗಿದಿದೆ, ಒಮ್ಮೆ ಕೇಳಿ ಬಿಟ್ಟವರನ್ನು ಮತ್ತೆ ಕೇಳುವುದಿಲ್ಲ ಎಂದು ಕಡೆಗೆ ಒಂದು ಕಾರ್ಡು ಬಂತು.

ಆ ಕಾರ್ಡು ಹಿಡಿದು ಬಿಳೂರಿಗೆ ಹೋದೆ. ಚಾಚಾ ಒಂದು ಮನೆಯ ಅಂಗಳದಲ್ಲಿ ಹತ್ತಿ ಹಿಂಜುತ್ತಿದ್ದ. ಓದಿ ಹೇಳಿದೆ. ಬಿಲ್ಲಿನ ತಂತಿ ಅದುರುತ್ತಲೇ ಇತ್ತು. ಅಂಗೈ ಇಟ್ಟು ನಿಲ್ಲಿಸಿದ.

"ತಪ್ಪ ನಂದು ಚಾಚಾ. ಕರಜಗಿಗೆ ಹೋಗಬಾರದಾಗಿತ್ತು."

"ಎಲಿ ಇಟ್ಟಾಂವ ನಾನು. ಹಾಡಿದಾಂವ ನಾನು. ನಿಂದೇನ ತಪ್ಪೋ," ಎಂದ. ಅರಳೆಯ ಮೇಲೆ ಕಣ್ಣಿಟ್ಟುಕೊಂಡೇ ಸೇರಿಸಿದ: "ಎಬ್ಬಸತೀನಿ ಅಂದಿದ್ದಿ. ಅದೊಂದ."

ಮತ್ತೆ ತಂತಿಗೆ ಹೊಡೆದ. ಅರಳೆ ಹಾರಿತು. ನಾನು ಎದ್ದು ಬಂದೆ.

ಕೆಲಸ ಬಿಡಲಿಲ್ಲ. ಬಿಡುವಂಥ ಸ್ಥಿತಿ ನಮ್ಮ ಮನೆಯದಾಗಿರಲಿಲ್ಲ. ಸಾವಕಾರರು ಬೇರೆ ಬೇರೆ ಹಾಡುಗಾರರ ಹೆಸರು ಕೊಡುತ್ತಾ ಹೋದರು; ನಾನು ಸೈಕಲ್ಲು ತುಳಿಯುತ್ತಾ ಹೋದೆ. ಆದರೆ ಹಾಡುವವರನ್ನು ಮತ್ತೆ ಕ್ಯಾರಿಯರ್ ಮೇಲೆ ಕೂಡಿಸಿಕೊಳ್ಳಲಿಲ್ಲ. ಒಬ್ಬನೇ ಹೋಗಿ ಎಲೆ ಅಡಿಕೆ ಇಡುತ್ತಿದ್ದೆ. "ಹಾಡಾವ ಎಲ್ಲಿ? ಸೊಕ್ಕೇನು?" ಎಂದು ಕೇಳಿದರೆ, ಅವರ ದನಿಯನ್ನು ಸಂತೆಯ ದಿನಕ್ಕೆ ಕಾಯ್ದಿಟ್ಟಿದ್ದೇನೆ, ಅವರ ಪರವಾಗಿ ಹಾಡುವ ಪದ ನನ್ನದು ಎಂದು ಹೇಳಿ, ಕಣ್ಣು ಮುಚ್ಚಿ ಹಾಡುತ್ತಿದ್ದೆ. ನನ್ನ ದನಿ ತಗಡಿನ ಡಬ್ಬಿಯಲ್ಲಿ ಕಲ್ಲು ಹಾಕಿ ಅಲ್ಲಾಡಿಸಿದಂತೆ. ಮಕ್ಕಳು ನಗುತ್ತಿದ್ದರು, ಹೆಂಗಸರು ಸೆರಗು ಬಾಯಿಗೆ ಹಿಡಿಯುತ್ತಿದ್ದರು. ಒಂದು ಊರಿನ ಹಿರಿಯ ಎರಡು ಸಾಲಿಗೇ ಎಲೆ ಹಿಡಿದು, "ಸಾಕ ಸಾಕ, ಬರತೀವಿ ಬಿಡೋ ಮಾರಾಯಾ" ಎಂದು ಕೈ ಮುಗಿದ. ಸಾಂಗಲಿಯ ಕಾಲೇಜಿನಲ್ಲಿ ಇದನ್ನು ಯಾರೂ ಕಲಿಸಿರಲಿಲ್ಲ. ಹೀಗೆ ನಗೆಪಾಟಲಾಗುವುದು ನನಗೆ ಸುಲಭವಾಗಿತ್ತೆಂದು ಹೇಳಲಾರೆ. ಪ್ರತಿ ಊರಿನ ಹೊರಗೂ ಸೈಕಲ್ಲಿನಿಂದ ಇಳಿದು, ಸ್ವಲ್ಪ ಹೊತ್ತು ನಿಂತು, ಆಮೇಲೆ ಒಳಗೆ ಹೋಗುತ್ತಿದ್ದೆ.

ಹಾಗೆ ದುಡಿದ ಮೇಲೆ ಒಬ್ಬ ತರುಣನ ಪ್ಲೇಟು ಬಂತು. ದನಿ ಒಳ್ಳೆಯದೇ, ಚಾಚಾನಷ್ಟು ಅಗಲವಿಲ್ಲ. ಪ್ಲೇಟಿನ ಡಬ್ಬಿ ಬಿಚ್ಚಿದ ವಾರವೇ ಚಾಚಾ ಅಂಗಡಿಗೆ ಬಂದ. ಪೇಟೆಯಲ್ಲಿ ಯಾರದೋ ಮನೆಯ ಗಾದಿಯ ಕೆಲಸವಿತ್ತಂತೆ, ಬಿಲ್ಲು ಹೆಗಲ ಮೇಲಿತ್ತು. ನಾನು ಸ್ಟೂಲು ಎಳೆದೆ. ಕೂಡಲಿಲ್ಲ.

"ಬಂದೈತಂತಲ್ಲ. ಹಚ್ಚ ನೋಡೂಣು."

ಯಂತ್ರಕ್ಕೆ ಕೀಲಿ ಕೊಟ್ಟು, ಹೊಸ ಸೂಜಿ ಹಾಕಿ, ಹಚ್ಚಿದೆ. ಅವನು ಬಿಲ್ಲನ್ನು ಕೆಳಗಿಡದೆ ನಿಂತೇ ಕೇಳಿದ. ಒಂದು ಕಡೆ ಮೇಲಿನ ಸ್ವರ ಬರುವಾಗ ಅವನ ಗಂಟಲು ತಾನಾಗಿಯೇ ಅಲುಗಿದ್ದನ್ನು ನೋಡಿದೆ. ಮೂರು ನಿಮಿಷದ ಹಾಡು. ಮುಗಿದು ಸೂಜಿ ಗರಗರ ಎನ್ನತೊಡಗಿದಾಗ ಯಂತ್ರ ನಿಲ್ಲಿಸಿದೆ.

"ಚಲೋ ಹಾಡ್ಯಾನ," ಎಂದ. ಮುಂದಕ್ಕೆ ಬಾಗಿ, ನಿಂತಿದ್ದ ಪ್ಲೇಟಿನ ಅಂಚನ್ನು ಒಂದು ಬೆರಳಿನಿಂದ ಮುಟ್ಟಿದ. ಕೈ ತೆಗೆದು ಧೋತರಕ್ಕೆ ಒರೆಸಿಕೊಂಡ.

"ಆ ಕಡಿ ಏನೈತಿ?"

"ಇನ್ನೊಂದ ಪದಾ ಐತಿ ಚಾಚಾ."

"ಹಚ್ಚ ಮತ್ತ."

ನಾನು ಪ್ಲೇಟನ್ನು ತಿರುವಿ ಹಾಕಿ ಕೀಲಿ ಕೊಡತೊಡಗಿದೆ.